ಹಾರುವ ಓತಿಯೂ ಇಂಗ್ಲಿಷ್ ಪರೀಕ್ಷೆಯೂ

ಕನ್ನಡದಲ್ಲಿ ಸುಳ್ಳು ಹೇಳುವುದಕ್ಕಿಂತ ಇಂಗ್ಲಿಷಿನಲ್ಲಿ ಹೇಳುವುದು ಸುಲಭ. ಈ ಸಂಗತಿ ನನಗೆ ತಿಳಿದದ್ದು ಕಳೆದ ವರ್ಷ, ನಮ್ಮ ಇಂಗ್ಲಿಷ್ ವಿಭಾಗದವರು ಏರ್ಪಡಿಸಿದ್ದ ಮಾತುಗಾರಿಕೆಯ ಪರೀಕ್ಷೆಯಲ್ಲಿ. ನನ್ನ ಜೊತೆಯಲ್ಲಿ ಕುಳಿತು ಆ ಪರೀಕ್ಷೆ ಕೊಟ್ಟ ಮಿತ್ರರು ಇದನ್ನು ಓದಿ ನಕ್ಕರೆ ನನ್ನ ಆಕ್ಷೇಪಣೆಯಿಲ್ಲ.

ಪರದೇಶಗಳಿಗೆ ಓದಲೆಂದೋ ದುಡಿಯಲೆಂದೋ ಹೋಗುವವರಿಗಾಗಿ 1989ರಿಂದ ಐಇಎಲ್‌ಟಿಎಸ್ ಎಂಬ ಪರೀಕ್ಷೆ ನಡೆಯುತ್ತಿದೆಯಷ್ಟೆ. ಅದರಲ್ಲಿ ಮಾತಿಗೆಂದೇ 11ರಿಂದ 14 ನಿಮಿಷಗಳ ಒಂದು ಭಾಗವುಂಟು. ಮೊದಲು ಊರು, ಮನೆ, ಅಭ್ಯಾಸಗಳ ಕುಶಲಪ್ರಶ್ನೆ. ಆಮೇಲೆ ಒಂದು ಚೀಟಿ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಎರಡು ನಿಮಿಷ ಮಾತನಾಡಿಸುತ್ತಾರೆ. ಕಡೆಯಲ್ಲಿ ಆ ವಿಷಯದ ಮೇಲೆಯೇ ಚರ್ಚೆ. ನಮ್ಮ ಅಧ್ಯಾಪಕರು ಇದೇ ಕ್ರಮವನ್ನು ಅನುಸರಿಸಿದ್ದರು. ಪ್ರಶ್ನೆ ಕೇಳಲು ಹೊರಗಿನಿಂದ ಒಬ್ಬ ಹಿರಿಯ ಅಧ್ಯಾಪಕರನ್ನೂ ಕರೆಸಿದ್ದರು.

ನಾನು ಹಳೆಯ ಗೈಡೊಂದನ್ನು ಸಂಪಾದಿಸಿ ಹತ್ತು ವಿಷಯಗಳನ್ನು ಬಾಯಿಪಾಠ ಮಾಡಿಕೊಂಡೆ. ಅದರಲ್ಲಿ ಒಂದು, ‘ನೀವು ಹೋಗುವ ಗ್ರಂಥಾಲಯವನ್ನು ವರ್ಣಿಸಿರಿ’ ಎಂಬುದು. ಗೈಡಿನ ಗ್ರಂಥಾಲಯಕ್ಕೆ ಎರಡು ಮಹಡಿ, ಗಾಜಿನ ಗೋಡೆ, ಒಳಗೆ ತಂಪುಗಾಳಿ, ಕೆಳಗೆ ಕಾಫಿಯ ಅಂಗಡಿ. ನಾನು ಊರಿನ ಹೆಸರೊಂದನ್ನು ಮಾತ್ರ ಬದಲಿಸಿ, ಆ ಭವ್ಯಭವನವನ್ನು ಕೊರಟಗೆರೆ ತಾಲ್ಲೂಕಿನ ನಮ್ಮ ಹೊಳವನಹಳ್ಳಿಗೆ ಸಾಗಿಸಿಬಿಟ್ಟೆ. ಜಯಮಂಗಲಿಯ ದಂಡೆಯಲ್ಲಿ ಇಂಥದೊಂದು ಕಟ್ಟಡ ಎದ್ದದ್ದು ನದಿಗೂ ತಿಳಿಯಲಿಲ್ಲ.

ನಮ್ಮೂರಿನ ನಿಜವಾದ ಗ್ರಂಥಾಲಯ ಪಂಚಾಯಿತಿಯದು. 2019ರಲ್ಲಿ ರಾಜ್ಯದ ಇಂಥ ಗ್ರಂಥಾಲಯಗಳೆಲ್ಲ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಆಮೇಲೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿತು. ನಮ್ಮವರ ಬಾಯಲ್ಲಿ ಅದು ಇನ್ನೂ ‘ಲೈಬ್ರರಿ’ಯೇ. ಅಲ್ಲಿಯ ಪದ್ಧತಿಗಳು ಯಾವ ಗೈಡಿನಲ್ಲೂ ಇಲ್ಲ. ಚಪ್ಪಲಿ ಬಾಗಿಲ ಹೊರಗೆ. ಬೆಳಿಗ್ಗೆ ಬಂದ ಪತ್ರಿಕೆ ಹತ್ತು ಗಂಟೆಯೊಳಗೆ ನಾಲ್ಕು ಹೋಳಾಗುತ್ತದೆ. ಅಡಿಕೆ, ಶೇಂಗಾ ಧಾರಣೆಯ ಹಾಳೆ ಒಬ್ಬ ಹಿರಿಯರದು. ಅವರು ಮುಗಿಸುವವರೆಗೆ ಅದರ ಬೆನ್ನಿನ ಕ್ರಿಕೆಟ್ ಸುದ್ದಿಯನ್ನು ನಾವು ಎದುರು ಕುಳಿತು, ಕತ್ತು ಹೊರಳಿಸಿ ಓದಬೇಕು. ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು ಕಿಟಕಿಯ ಪಕ್ಕ ಕೂರುತ್ತಾರೆ. ಇನ್ನೊಬ್ಬರಿಗೆ ತುಟಿಯಾಡಿಸದೆ ಓದಲು ಬಾರದು. ಅವರು ಬಂದರೆ ಸುದ್ದಿಯೆಲ್ಲ ನಮಗೂ ಕೇಳುತ್ತದೆ, ನಾವು ಪತ್ರಿಕೆಗೆ ಕಾಯಬೇಕಾಗಿಲ್ಲ. ‘ನಿಶ್ಶಬ್ದ’ ಎಂಬ ಹಲಗೆ ಅವರ ತಲೆಯ ಮೇಲೆಯೇ ತೂಗುತ್ತಿರುತ್ತದೆ.

ಪರೀಕ್ಷೆಯ ದಿನ ನನ್ನ ಅದೃಷ್ಟಕ್ಕೆ ಅದೇ ಚೀಟಿ ಬಂತು. ಎರಡು ನಿಮಿಷ ಎಲ್ಲಿಯೂ ನಿಲ್ಲದೆ ಮಾತನಾಡಿದೆ. ಪ್ರಶ್ನೆ ಕೇಳುವವರು ಕನ್ನಡಕ ತೆಗೆದು ಒರೆಸಿಕೊಂಡು, ‘ಹೊಳವನಹಳ್ಳಿಯ ಮೇಲೆ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಈ ಕಾಫಿ ಅಂಗಡಿ ಯಾವ ಕಡೆ ಬರುತ್ತದೆ?’ ಎಂದು ಇಂಗ್ಲಿಷಿನಲ್ಲಿಯೇ ಕೇಳಿದರು. ನಾನು ಸುಮ್ಮನಾದೆ. ಅವರು ಕರುಣೆಯಿಂದ ಪ್ರಶ್ನೆ ಬದಲಿಸಿದರು: ‘ಅಲ್ಲಿಂದ ತಂದು ಓದಿದ ಒಂದು ಪುಸ್ತಕದ ವಿಷಯ ಹೇಳು.’

ಇದಕ್ಕೆ ಗೈಡಿನಲ್ಲಿ ಉತ್ತರವಿರಲಿಲ್ಲ. ಬಾಯಿಗೆ ಬಂದದ್ದು ನಿಜ: ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಆ ಕಾದಂಬರಿಯನ್ನು ನಾನು ಮೂರು ಸಲ ಓದಿದ್ದೆ. ಆದರೆ ಹಾರುವ ಓತಿಯನ್ನು ಇಂಗ್ಲಿಷಿನಲ್ಲಿ ಹಾರಿಸುವುದು ಹೇಗೆ? ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಪಕ್ಕೆಲುಬುಗಳ ಮೇಲೆ ಹಬ್ಬಿದ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಮರದಿಂದ ಮರಕ್ಕೆ ತೇಲುತ್ತದೆ. ನನ್ನ ಬಳಿ ಇದ್ದದ್ದು ‘ಲಿಜರ್ಡ್’, ‘ಫ್ಲೈ’, ‘ಅಂಬ್ರೆಲಾ’ ಎಂಬ ಮೂರೇ ಪದ. ಮಿಕ್ಕದ್ದನ್ನು ಎರಡೂ ಕೈಗಳನ್ನು ಅಗಲಿಸಿ ತೋರಿಸಿದೆ. ಮಂದಣ್ಣನ ವಿಷಯ ಹೇಳಹೊರಟು ಅರ್ಧಕ್ಕೆ ಕೈಬಿಟ್ಟೆ. ನಾನು ಪ್ರೀತಿಸಿದ ಪುಸ್ತಕ ನನ್ನ ಬಾಯಲ್ಲಿಯೇ ಕುಂಟುತ್ತಿರುವುದನ್ನು ಕಂಡು ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು.

‘ಪುಸ್ತಕವನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು?’

‘ಹದಿನೈದು ದಿನ, ಸರ್.’

‘ಸರಿಯಾಗಿ ಹಿಂದಿರುಗಿಸುತ್ತೀಯಾ?’

‘ಆಲ್‌ವೇಸ್, ಸರ್!’

ಆ ‘ಕರ್ವಾಲೊ’ವನ್ನು ನಾನು ತಂದದ್ದು ಎರಡನೆಯ ಪಿಯುಸಿಯಲ್ಲಿ. ಪರೀಕ್ಷೆಯ ದಿನವೂ ಅದು ನಮ್ಮ ಮನೆಯ ಅಟ್ಟದ ಮೇಲೆ, ಪಂಚಾಯಿತಿಯ ಮೊಹರಿನ ಸಮೇತ ಕುಳಿತಿತ್ತು. ಕದಿಯಬೇಕೆಂದು ಇಟ್ಟುಕೊಂಡದ್ದಲ್ಲ. ಮೊದಲ ತಿಂಗಳು ಮರೆವು, ಎರಡನೆಯ ತಿಂಗಳು ಸೋಮಾರಿತನ, ಆಮೇಲೆ ಹೋಗಲು ಮುಖವಿಲ್ಲ. ಆ ಮುಖವಿಲ್ಲದ ಕಾರಣಕ್ಕೇ ಲೈಬ್ರರಿಗೆ ಹೋಗುವುದನ್ನೂ ಬಿಟ್ಟಿದ್ದೆ. ಮೇಲೆ ಅಷ್ಟು ವಿವರವಾಗಿ ವರ್ಣಿಸಿದ ಕೋಣೆಯೊಳಕ್ಕೆ ನಾನು ಕಾಲಿಟ್ಟು ಎರಡು ವರ್ಷವಾಗಿತ್ತು.

ಫಲಿತಾಂಶದ ದಿನ ನಮ್ಮ ಅಧ್ಯಾಪಕರು ನನ್ನನ್ನು ಕರೆದು ವಿವರಿಸಿದರು. ಇಂಥ ಪರೀಕ್ಷೆಯಲ್ಲಿ ನಾಲ್ಕನ್ನು ಅಳೆಯುತ್ತಾರಂತೆ: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನನ್ನ ಬಾಯಿಪಾಠ ಮೊದಲ ವಾಕ್ಯಕ್ಕೇ ಸಿಕ್ಕಿಬಿದ್ದಿತ್ತು. ಓತಿಯ ಕಡೆ ಪದಗಳು ಸಾಲದಾದವು. ‘ಆದರೆ ಒಂದು ಕಡೆ ಮಾತ್ರ ತೀರ ಸಹಜವಾಗಿ, ಆತ್ಮವಿಶ್ವಾಸದಿಂದ ಮಾತನಾಡಿದೆಯಂತೆ, ಆ ಆಲ್‌ವೇಸ್ ಎಂದೆಯಲ್ಲ, ಅಲ್ಲಿ’ ಎಂದರು. ಅವರು ಮೆಚ್ಚಿಯೇ ಹೇಳಿದ್ದು. ನಿಜವೋ ಸುಳ್ಳೋ ಎಂಬುದು ಆ ನಾಲ್ಕರಲ್ಲಿ ಸೇರಿಲ್ಲ. ಸೇರಿಸುವುದು ಪರೀಕ್ಷಕರ ಕೆಲಸವೂ ಅಲ್ಲ.

ಆಗಸ್ಟ್ 12ರಂದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಎಸ್. ಆರ್. ರಂಗನಾಥನ್ ಅವರ ಜನ್ಮದಿನವನ್ನು ಆಚರಿಸಿದರು. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದವರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಚಿಕ್ಕಂದಿನಲ್ಲಿ ಅವರಿಗೆ ಉಗ್ಗು ಇತ್ತೆಂದೂ, ಪ್ರಯತ್ನದಿಂದ ಅದನ್ನು ಗೆದ್ದರೆಂದೂ ಭಾಷಣಕಾರರು ಹೇಳಿದಾಗ ನನಗೆ ಸಮಾಧಾನವಾಯಿತು. ಆದರೆ ಮರುಗಳಿಗೆಯಲ್ಲೇ ಅವರು 1931ರಲ್ಲಿ ಪ್ರಕಟವಾದ ರಂಗನಾಥನ್ ಅವರ ಐದು ಸೂತ್ರಗಳಿಗೆ ಬಂದರು. ಪುಸ್ತಕಗಳಿರುವುದು ಬಳಕೆಗೆ ಎಂಬುದು ಮೊದಲನೆಯದು. ನನಗೆ ನಮ್ಮ ಅಟ್ಟ ನೆನಪಾಯಿತು.

ಆ ವಾರವೇ ಪುಸ್ತಕವನ್ನು ಒರೆಸಿ, ಚೀಲದಲ್ಲಿಟ್ಟುಕೊಂಡು ಹೋದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಕನ್ನಡದಲ್ಲಿ ಜೋಡಿಸಿಕೊಂಡಿದ್ದೆ. ಮೇಜಿನ ಮುಂದೆ ನಿಂತಾಗ ‘ಸರ್, ಇದು... ನಾನು... ತಂದು...’ ಎಂಬಲ್ಲಿಗೆ ನಿಂತುಹೋಯಿತು. ಓತಿಯ ವಿಷಯದಲ್ಲಿ ಕೈಯಾದರೂ ಆಡಿತ್ತು. ಇಲ್ಲಿ ಅದೂ ಇಲ್ಲ.

ಗ್ರಂಥಪಾಲಕರು ದಂಡವನ್ನೂ ಕೇಳಲಿಲ್ಲ, ಕಾರಣವನ್ನೂ ಕೇಳಲಿಲ್ಲ. ಹಳೆಯ ರಿಜಿಸ್ಟರನ್ನು ತೆಗೆದು, ಬೆರಳಿನಿಂದ ಹುಡುಕಿ, ನನ್ನ ಹೆಸರಿನ ಮುಂದೆ ದಿನಾಂಕ ಬರೆದರು. ‘ಇದನ್ನ ಇಬ್ಬರು ಮೂವರು ಕೇಳಿದ್ರಪ್ಪ. ಕಳೆದುಹೋಗಿದೆ ಅಂತ ಹೇಳಿ ಕಳಿಸಿದ್ದೆ’ ಎಂದರು, ಅಷ್ಟೆ. ಧಾರಣೆಯ ಹಾಳೆ ಹಿಡಿದಿದ್ದ ಹಿರಿಯರು ತಲೆಯೆತ್ತಿ ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ತೆಗೆದು ಕೆಳಗಿಟ್ಟರು. ಅರ್ಧ ಗಂಟೆ ಅಲ್ಲಿಯೇ ಕುಳಿತು, ಕತ್ತು ಹೊರಳಿಸಿ ಕ್ರಿಕೆಟ್ ಸುದ್ದಿ ಓದಿದೆ.

ನಾನು ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ ಒಳಗೆ ಹೈಸ್ಕೂಲು ಹುಡುಗನೊಬ್ಬ ಮೇಜಿನ ಬಳಿ ನಿಂತು, ‘ಸಾರ್, ಹಾರೋ ಓತಿ ಇರೋದು ಇದರಲ್ಲೇನಾ?’ ಎಂದು ಕೇಳುತ್ತಿದ್ದ.