ಕಪ್ಪು ಸ್ಕ್ರೀನ್ ಹಿಂದೆ ಅಪ್ಪಾಜಿಯ ಉದ್ರಿ ಲೆಕ್ಕ

(1/3)

ಫೋಟೋದಲ್ಲಿ ಏನೂ ಕಾಣ್ತಿಲ್ಲ ಅಂತ ಝೂಮ್ ಮಾಡ್ಬೇಡಿ. ಕಪ್ಪು ಸ್ಕ್ರೀನ್, ಮೇಲೆ ಎರಡು ಸಾಲು ಬಿಳಿ ಅಕ್ಷರ, ಅಷ್ಟೇ ಇರೋದು. ಹೋದ ತಿಂಗಳ ಕೊನೇ ರಾತ್ರಿ ಹನ್ನೊಂದೂವರೆಗೆ ತೆಗೆದಿದ್ದು. ಆಗ ನನ್ನ ಕೈ ನಡುಗ್ತಿತ್ತು.

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಸುಮಾರು 60 ಮನೆಯವರದ್ದು ಉದ್ರಿ ಲೆಕ್ಕ ಇದೆ. ಒಂದನೇ ತಾರೀಖು ಬಂತು ಅಂದ್ರೆ ಒಬ್ಬೊಬ್ಬರೇ ಬಂದು "ನಮ್ದು ಎಷ್ಟಾಯ್ತಣ್ಣ?" ಅಂತ ಕೇಳಿ ತೀರಿಸಿ ಹೋಗ್ತಾರೆ. ಮೊದಲು ಇದೆಲ್ಲ ಅಪ್ಪಾಜಿಯ ಉದ್ದನೆಯ ಪುಸ್ತಕದಲ್ಲಿತ್ತು. ಬಿಕಾಂ ಓದೋ ಮಗಳು ಸುಮ್ನಿರ್ತಾಳಾ? "ಅಪ್ಪಾಜಿ, ಈ ಕಾಲದಲ್ಲಿ ಯಾರು ಪುಸ್ತಕ ಬರೀತಾರೆ, ನನಗೆ ಬಿಡಿ" ಅಂದೆ. ಮೂರು ತಿಂಗಳಿಂದ ದಿನಾ ರಾತ್ರಿ ಚೀಟಿಗಳನ್ನ ನೋಡ್ಕೊಂಡು ಲ್ಯಾಪ್‌ಟಾಪ್‌ನಲ್ಲಿ ಏರಿಸ್ತಿದ್ದೆ. ಏರಿಸಿದ ಮೇಲೆ ಚೀಟಿ ಹರಿದು ಹಾಕ್ತಿದ್ದೆ. ಬೇರೆ ಕಾಪಿ? ಇಲ್ಲ.

ಆ ರಾತ್ರಿ ಪಾಸ್‌ವರ್ಡ್ ಹೊಡೆದೆ. ಸ್ಕ್ರೀನ್ ಕಪ್ಪಾಯ್ತು, ಮತ್ತೆ ಪಾಸ್‌ವರ್ಡ್ ಕೇಳೋ ಜಾಗಕ್ಕೇ ಬಂತು. ಇನ್ನೊಂದ್ಸಲ ಹೊಡೆದೆ, ಅದೇ ಕಥೆ. ಹತ್ತು ಸಲ ಆಗಿರಬೇಕು. ಒಳಗಿಂದ ಅಪ್ಪಾಜಿ, "ಯಾಕವ್ವ, ಇನ್ನೂ ಮಲಗಿಲ್ವಾ?" ಅಂದ್ರು. "ಓದ್ತಿದೀನಿ" ಅಂತ ಸುಳ್ಳು ಹೇಳಿದೆ.

(2/3)

ಈ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿ ಕೊಟ್ಟಿದ್ದು ದೊಡ್ಡಪ್ಪನ ಮಗ. ಫೋನ್ ಮಾಡಿದೆ.

"ಅಣ್ಣ, ಎಲ್ಲ ಹೋಯ್ತು."

"ಪಾಸ್‌ವರ್ಡ್ ತಪ್ಪು ಅಂತ ಬರ್ತಿದ್ಯಾ?"

"ಇಲ್ಲ, ಕಪ್ಪಾಗಿ ವಾಪಸ್ ಬರುತ್ತೆ."

"ಹಂಗಾದ್ರೆ ಏನೂ ಹೋಗಿಲ್ಲ ಅನ್ಸುತ್ತೆ, ಅಳಬೇಡ. ಕಂಟ್ರೋಲ್, ಆಲ್ಟ್, ಎಫ್3 ಮೂರೂ ಒಟ್ಟಿಗೆ ಒತ್ತು."

ಒತ್ತಿದೆ. ಬಣ್ಣ, ಐಕಾನ್, ಮೌಸ್ ಎಲ್ಲ ಮಾಯ. ನೀವು ಫೋಟೋದಲ್ಲಿ ನೋಡ್ತಿರೋ ಸ್ಕ್ರೀನ್ ಬಂತು. ಮೇಲೆ ಟಿಟಿವೈ3 ಅಂತ ಇತ್ತು. ಟಿಟಿವೈ ಅಂದ್ರೆ ಟೆಲಿಟೈಪ್‌ರೈಟರ್. ಹಿಂದೆ ಕಂಪ್ಯೂಟರ್ ಜೊತೆ ಮಾತಾಡೋಕೆ ಇಟ್ಕೊಂಡಿದ್ದ ಟೈಪ್ ಮಾಡೋ ಮೆಷಿನ್. ಮೆಷಿನ್ ಹೋದ್ರೂ ಹೆಸರು ಉಳಿದಿದೆ.

ಯೂಸರ್‌ನೇಮ್ ಹೊಡೆದೆ. ಪಾಸ್‌ವರ್ಡ್ ಹೊಡೆಯುವಾಗ ಒಂದು ಚುಕ್ಕೆ ಕೂಡ ಕಾಣಲ್ಲ, ಕೀಬೋರ್ಡ್ ಕೆಟ್ಟಿದೆ ಅಂದ್ಕೋಬೇಡಿ. ಎಂಟರ್ ಒತ್ತಿದ ಕೂಡಲೇ ಒಳಗೆ ಬಿಡ್ತು!

ಆಮೇಲೆ ಅಣ್ಣ ಹೇಳಿದಂತೆ ಫೈಲ್‌ಗಳ ಪಟ್ಟಿ ತೆಗೆದೆ. ಎದೆ ಧಸಕ್ ಅಂತು. ಫೈಲ್‌ಗೆ ನಾನು ಕನ್ನಡದಲ್ಲಿ 'ಉದ್ರಿ' ಅಂತ ಹೆಸರಿಟ್ಟಿದ್ದೆ. ಆ ಜಾಗದಲ್ಲಿ ಅಕ್ಷರಾನೇ ಇಲ್ಲ, ಒಂದೇ ಥರದ ಗುರುತುಗಳು ಸಾಲಾಗಿ ನಿಂತಿದ್ವು. ಅಣ್ಣ ನಕ್ಕ. ಈ ಕನ್ಸೋಲ್‌ನ ಫಾಂಟ್‌ನಲ್ಲಿ ಹೆಚ್ಚಂದ್ರೆ 512 ಆಕಾರ ಹಿಡಿಯುತ್ತಂತೆ. ಒತ್ತಕ್ಷರ, ಗುಣಿತ ಎಲ್ಲ ಕೂಡಿಸಿ ಕನ್ನಡ ತೋರಿಸೋಕೆ ಅದಕ್ಕೆ ಬರಲ್ಲ. "ಹೆಸರು ಬಿಡು, ಪಕ್ಕದಲ್ಲಿ ಸೈಜ್, ತಾರೀಖು ನೋಡು" ಅಂದ. 96 ಕೆಬಿ, ನಿನ್ನೆ ರಾತ್ರಿಯ ತಾರೀಖು. ಇತ್ತು. ಅಪ್ಪಾಜಿಯ 60 ಮನೆ ಲೆಕ್ಕ ಅಲ್ಲೇ ಇತ್ತು. ನನಗೆ ಓದೋಕೆ ಆಗ್ತಿರಲಿಲ್ಲ, ಅಷ್ಟೇ.

(3/3)

ಹಾಗಾದ್ರೆ ತಪ್ಪು ಯಾರದ್ದು? ನನ್ನದೇ. 'ಡಿಎಫ್ ಮೈನಸ್ ಎಚ್' ಅಂತ ಹೊಡೆಸಿದ. ಡಿಸ್ಕ್ 100% ಫುಲ್! ಅಕ್ಕನ ಮದುವೆ ವಿಡಿಯೋ ಎರಡೆರಡು ಸಲ ಕಾಪಿ ಮಾಡಿ, ಆಮೇಲೆ ಡಿಲೀಟ್ ಮಾಡಿದ್ದೆ. ಡಿಲೀಟ್ ಆಗಿದ್ದು ಕಸದ ಬುಟ್ಟಿಗೆ ಹೋಗಿ ಕೂತಿತ್ತು, ಜಾಗ ಬಿಟ್ಟಿರಲಿಲ್ಲ. ಡೆಸ್ಕ್‌ಟಾಪ್ ತೆರೆಯುವಾಗ ನಮ್ಮ ಫೋಲ್ಡರ್‌ನಲ್ಲಿ ಸಣ್ಣಪುಟ್ಟ ಫೈಲ್ ಬರೆದುಕೊಳ್ಳಬೇಕು. ಬರೆಯೋಕೆ ಜಾಗ ಇಲ್ಲ, ಅದಕ್ಕೇ ವಾಪಸ್ ದಬ್ಬುತ್ತಿತ್ತು. ಕಪ್ಪು ಕನ್ಸೋಲ್‌ಗೆ ಆ ಆಡಂಬರ ಬೇಕಿಲ್ಲ.

ಇನ್ನೊಂದು ವಿಷಯ ಕೇಳಿ ಖುಷಿಯಾಯ್ತು. ಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನ ರೂಟ್‌ಗೆ ಅಂತ ಮೊದಲೇ ಎತ್ತಿಡುತ್ತೆ. ನಮಗೆ ಫುಲ್ ಅಂತ ತೋರಿಸಿದ್ರೂ ಸಿಸ್ಟಮ್‌ಗೆ ಸ್ವಲ್ಪ ಉಳಿದಿರುತ್ತೆ. ಕ್ಲಾಸ್‌ಮೇಟ್ಸ್, ನಾವು ಓದೋ ರಿಸರ್ವ್ ಇದೇ ಅಲ್ವಾ?

ಕಸದ ಬುಟ್ಟಿ ಖಾಲಿ ಮಾಡೋ ಕಮಾಂಡ್‌ನ ಅಣ್ಣ ಒಂದೊಂದೇ ಅಕ್ಷರ ಹೇಳಿದ. ಎಂಟರ್ ಒತ್ತೋ ಮೊದಲು ಎರಡು ಸಲ ಓದಿಸಿದ. ಇಲ್ಲಿ ಅಳಿಸಿದ್ದು ಬುಟ್ಟಿಗೂ ಹೋಗಲ್ಲ, ಹೋದ್ರೆ ಹೋಯ್ತು. ಆಮೇಲೆ 'ಎಕ್ಸಿಟ್' ಹೊಡೆದು ಕಂಟ್ರೋಲ್, ಆಲ್ಟ್, ಎಫ್1 ಒತ್ತಿದೆ. ಲಾಗಿನ್ ಸ್ಕ್ರೀನ್ ಬಂತು. ಪಾಸ್‌ವರ್ಡ್ ಹೊಡೆದೆ, ಡೆಸ್ಕ್‌ಟಾಪ್ ತೆರೆದುಕೊಳ್ತು. 'ಉದ್ರಿ' ಅಂತ ಕನ್ನಡದಲ್ಲಿ ಓದಿದಾಗ ಅಳು ಬಂತು.

ಬೆಳಿಗ್ಗೆ ಅಪ್ಪಾಜಿಗೆ ನಿಜ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಏನೂ ಅನ್ನಲಿಲ್ಲ. ಅಂಗಡಿಯ ಕಪಾಟಿಂದ ಹೊಸ ನೋಟ್‌ಬುಕ್ ಒಂದು ಇಳಿಸಿ, "ಒಬ್ಬೊಬ್ಬರ ಒಟ್ಟು ಎಷ್ಟು ಅಂತ ಹೇಳ್ತಾ ಹೋಗವ್ವ" ಅಂತ ಪೆನ್ ಹಿಡಿದ್ರು. ಈಗ ಪ್ರತಿ ಭಾನುವಾರ ಪೆನ್‌ಡ್ರೈವ್‌ಗೊಂದು ಕಾಪಿ, ಪುಸ್ತಕಕ್ಕೊಂದು ಒಟ್ಟು.

ನೀವೂ ಲಿನಕ್ಸ್ ಬಳಸ್ತಿದ್ರೆ ತೊಂದರೆ ಇಲ್ಲದ ದಿನ ಒಂದ್ಸಲ ಹೋಗಿ ಬನ್ನಿ. ಈಗಿನ ಉಬುಂಟುನಲ್ಲಿ ಸಾಮಾನ್ಯವಾಗಿ ಎಫ್3ರಿಂದ ಎಫ್6 ಕನ್ಸೋಲ್, ಎಫ್1 ಲಾಗಿನ್, ಎಫ್2 ನಿಮ್ಮ ಡೆಸ್ಕ್‌ಟಾಪ್. ಕೆಲವು ಲ್ಯಾಪ್‌ಟಾಪ್‌ನಲ್ಲಿ ಜೊತೆಗೆ ಎಫ್‌ಎನ್ ಕೀನೂ ಒತ್ತಬೇಕು. ಬರುವಾಗ 'ಎಕ್ಸಿಟ್' ಮರೀಬೇಡಿ. ಡೆಸ್ಕ್‌ಟಾಪ್ ಲಾಕ್ ಮಾಡಿದ್ರೂ ಆ ಬಾಗಿಲು ತೆರೆದೇ ಇರುತ್ತೆ. ಹಾಸ್ಟೆಲ್‌ನಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ನಿಮ್ಮ ಒಂದೇ ಒಂದು ಕಾಪಿ ಇರೋ ಫೈಲ್ ಯಾವುದು? ಕಾಮೆಂಟ್‌ನಲ್ಲಿ ಹೇಳಿ. ಹೇಳೋ ಮೊದಲು ಇನ್ನೊಂದು ಕಾಪಿ ಮಾಡ್ಕೊಂಡು ಬನ್ನಿ.