ಅರ್ಧ ಗೇಣು ಬಲಕ್ಕೆ

ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ನನ್ನ ಕಣ್ಣು ಎಲೆಯ ಮೇಲೆ ನಿಲ್ಲುವುದಿಲ್ಲ. ಎಡಸಾಲಿನಲ್ಲಿ ದಢೂತಿ ಆಳುಗಳೆಲ್ಲ ಒಟ್ಟಾಗಿದ್ದಾರೆ, ಬಲಸಾಲಿನಲ್ಲಿ ಬರೀ ಮಕ್ಕಳು. ಈ ಚಪ್ಪರವೇನಾದರೂ ನೀರಿನ ಮೇಲಿದ್ದಿದ್ದರೆ ಪಾಯಸ ಬರುವಷ್ಟರಲ್ಲಿ ಎಡಕ್ಕೆ ಮಗುಚಿರುತ್ತಿತ್ತು ಎಂದು ಲೆಕ್ಕ ಹಾಕುತ್ತಿರುತ್ತೇನೆ. ಮನೆಯಾಕೆ ಮೊಣಕೈಯಿಂದ ತಿವಿದು, “ಅನ್ನ ಆರ್ತಾ ಇದೆ” ಅನ್ನುತ್ತಾಳೆ.

ಈ ಚಟ ಅಂಟಿದ್ದು ಹರಿಗೋಲಿನಿಂದ. ನಾನು ದಾಂಡೇಲಿಯ ಕೋಗಿಲಬನದವನು, ಕಾಳಿ ನದಿಯ ನೀರು ಕುಡಿದು ಬೆಳೆದವನು. ಹರಿಗೋಲಿಗೆ ಮೂತಿಯಿಲ್ಲ, ಬಾಲವಿಲ್ಲ. ಹುಟ್ಟನ್ನು ಪಕ್ಕದಲ್ಲಿ ಹಾಕಿದಿರೋ, ಬುಗುರಿಯಂತೆ ನಿಂತಲ್ಲೇ ಸುತ್ತುತ್ತದೆ. ಮುಂದಕ್ಕೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಂಡರೆ ಮಾತ್ರ ಮುಂದೆ ಹೋಗುತ್ತದೆ. ಅದಕ್ಕೂ ಮೊದಲು ಕೂತವರ ತೂಕ ಸುತ್ತಲೂ ಸಮನಾಗಿ ಹಂಚಿರಬೇಕು. “ಅಕ್ಕಾ, ನೀವು ಈಚೆ ಬನ್ನಿ. ತಮ್ಮಾ, ನೀನು ಆಚೆ” ಎಂದು ಹುಟ್ಟು ಹಿಡಿದವನು ಹೇಳಿದರೆ ಯಾರೂ ತಕರಾರು ಮಾಡುವುದಿಲ್ಲ. ಕಾಳಿಯಲ್ಲಿ ಮೊಸಳೆಗಳಿವೆ, ಶಿಸ್ತು ತಾನಾಗಿ ಬರುತ್ತದೆ.

ನಲವತ್ತು ವರ್ಷ ಫಿಟ್ಟರ್ ಕೆಲಸ ಮಾಡಿ ನಿವೃತ್ತನಾದ ಮೇಲೆ ಈ ಚಟಕ್ಕೆ ದೊಡ್ಡ ಆಟಿಕೆಯೊಂದು ಸಿಕ್ಕಿತು. ಕಾರವಾರದಲ್ಲಿರುವ ಹೆಂಡತಿಯ ತಮ್ಮ, ಕೋಣೆಯಿರುವ ಹಳೆಯ ಫೈಬರ್ ಬೋಟೊಂದನ್ನು ಕೊಂಡಿದ್ದ. ಇಪ್ಪತ್ತೆಂಟು ಅಡಿ ಉದ್ದ, ಹಿಂಬದಿಯಲ್ಲಿ ತಲಾ 115 ಅಶ್ವಶಕ್ತಿಯ ಎರಡು ಎಂಜಿನ್. ಫೋನಿನಲ್ಲಿ ಅವನ ದನಿ ಇಳಿದುಹೋಗಿತ್ತು: “ಭಾವ, ಎಂಜಿನ್ ಎರಡು, ಕುಡಿಯೋದು ಮೂರರಷ್ಟು, ಓಡೋದು ಒಂದರಷ್ಟು. ಒಂದ್ಸಲ ಬಂದು ನೋಡಿ.”

ನಮ್ಮ ಊರಿನ ನೀರು ಅವನ ಊರಿಗೇ ಹೋಗುತ್ತದೆ, ಆದರೆ ದೋಣಿ ಹೋಗುವುದಿಲ್ಲ. ಜೋಯಿಡಾದ ಕಾಡಿನಲ್ಲಿ ಹುಟ್ಟುವ ಕಾಳಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಮುನ್ನ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಲ್ಲಿ ನಿಂತು, ನಮ್ಮೂರು ದಾಟಿದ ಮೇಲೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ತಡೆದು, ದಾರಿಯುದ್ದಕ್ಕೂ ಕರೆಂಟು ಕೊಡುತ್ತ ಹೋಗಬೇಕು. ನಾನು ಬಸ್ಸಿನಲ್ಲಿ ಅಣಶಿ ಘಟ್ಟ ಇಳಿದೆ. ತಿರುವಿಗೊಮ್ಮೆ ಬಸ್ಸು ಎತ್ತ ವಾಲಿತೆಂದು ನೋಡುತ್ತಲೇ ಇಳಿದೆ.

ಭಾವಮೈದುನ ಬೋಟು ಓಡಿಸಿ ತೋರಿಸಿದ. ಮೂತಿ ಆಕಾಶ ನೋಡುತ್ತಿತ್ತು, ಹಿಂಬದಿ ಕೆಸರಿಗೆ ಬಿದ್ದ ಎಮ್ಮೆಯಂತೆ ಕೂತಿತ್ತು, ಮೈ ಎಡಕ್ಕೆ ವಾಲಿತ್ತು. ಎಕ್ಸಲರೇಟರ್ ತುಂಬ ಒತ್ತಿದರೆ ಹಿಂದೆ ಬೆಟ್ಟದಂಥ ಅಲೆ ಏಳುತ್ತಿತ್ತೇ ಹೊರತು ಓಟ ಏರುತ್ತಿರಲಿಲ್ಲ. ಅವನ ಪೆಟ್ರೋಲಿನ ದುಡ್ಡೆಲ್ಲ ಆ ಅಲೆ ಎಬ್ಬಿಸುವುದಕ್ಕೇ ಹೋಗುತ್ತಿತ್ತು.

ಇಂಥ ಬೋಟಿಗೆ ಮೂರು ನಡಿಗೆ. ಆರೇಳು ನಾಟ್‌ವರೆಗೆ ಅದು ನೀರನ್ನು ಪಕ್ಕಕ್ಕೆ ಸರಿಸಿಕೊಂಡು ಸಾಗುತ್ತದೆ. ಖರ್ಚು ಕಡಿಮೆ. ಇಪ್ಪತ್ತರ ಹತ್ತಿರ ಹೋದರೆ ಮೈಯನ್ನೇ ಮೇಲೆತ್ತಿ ನೀರಿನ ಮೇಲೆ ಜಾರುತ್ತದೆ. ಇವೆರಡರ ನಡುವೆ ಇರುವುದು ದಿಬ್ಬ: ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತುವ ಹೆಣಗಾಟ. ಭಾವಮೈದುನ ಬೋಟನ್ನು ದಿನವಿಡೀ ಆ ದಿಬ್ಬದಲ್ಲೇ ದುಡಿಸುತ್ತಿದ್ದ.

ನಾನು ಎಂಜಿನ್ ಮುಟ್ಟಲಿಲ್ಲ. ಬೋಟು ಖಾಲಿ ಮಾಡಿಸಿದೆ. ಹಿಂದಿನ ಪೆಟ್ಟಿಗೆಗಳಿಂದ ತುಕ್ಕು ಹಿಡಿದ ಲಂಗರು, ಎರಡು ಗ್ಯಾಸ್ ಸಿಲಿಂಡರ್, ಹರಿದ ಬಲೆ, ಯಾರದೋ ಮನೆಯ ಗ್ರೈಂಡರ್ ಕಲ್ಲು ಹೊರಬಂದವು. ತಳದಲ್ಲಿ ನಲವತ್ತು ಲೀಟರ್ ನೀರು ಕೂತಿತ್ತು; ಅಂದರೆ ನಲವತ್ತು ಕಿಲೋ ತೂಗುವ ಪ್ರಯಾಣಿಕನೊಬ್ಬ ಟಿಕೆಟ್ಟಿಲ್ಲದೆ, ಅದೂ ಎಡಗಡೆಯೇ ಕೂತು, ದಿನಾ ಹೋಗಿಬರುತ್ತಿದ್ದ. ಎರಡು ಬ್ಯಾಟರಿಯನ್ನೂ ಕುಡಿಯುವ ನೀರಿನ ಟ್ಯಾಂಕನ್ನೂ ನಡುಭಾಗಕ್ಕೆ ತಂದೆವು. ದಡಕ್ಕೆ ಎಳೆದು ನೋಡಿದರೆ ಹೊಟ್ಟೆಯ ತುಂಬ ಸುಣ್ಣದ ಚಿಪ್ಪುಜೀವಿಗಳು. ಮರದ ಹಲಗೆ ಹಿಡಿದು ಎರಡು ದಿನ ಕೆರೆದೆವು. ಕೈಯಾಡಿಸಿದರೆ ತೆಂಗಿನ ಗರಟೆಯ ಒಳಮೈಯಂತೆ ನುಣುಪಾಗುವವರೆಗೆ ಬಿಡಲಿಲ್ಲ.

ಆಮೇಲೆ ಎಂಜಿನ್ನಿನ ಫ್ಯಾನು, ಅಂದರೆ ಪ್ರೊಪೆಲ್ಲರ್. ಒಂದು ಸುತ್ತಿಗೆ ಅದು ನೀರಿನಲ್ಲಿ ಎಷ್ಟು ಅಂಗುಲ ಮುಂದೆ ಕೊರೆಯಬೇಕು ಎಂಬ ಲೆಕ್ಕವೇ ಪಿಚ್. ಇವನದು ಹದಿನೇಳು. ಪೂರ್ತಿ ಒತ್ತಿದರೂ ಎಂಜಿನ್ ನಿಮಿಷಕ್ಕೆ 4900 ಸುತ್ತು ದಾಟುತ್ತಿರಲಿಲ್ಲ, ಅದರ ಪುಸ್ತಕದಲ್ಲಿ 5000ದಿಂದ 6000ದವರೆಗೆ ಎಂದಿತ್ತು. ಟಾಪ್ ಗೇರಿನಲ್ಲಿ ಘಟ್ಟ ಹತ್ತುವ ಲಾರಿಯ ಪಾಡು. ಒಂದಂಗುಲ ಕಡಿಮೆ ಮಾಡಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಹದಿನೈದರ ಜೋಡಿ ಹಾಕಿದೆವು, ಒಂದು ಬಲಕ್ಕೆ ತಿರುಗುವುದು, ಇನ್ನೊಂದು ಎಡಕ್ಕೆ. ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುತ್ತದೆ, ಚುಕ್ಕಾಣಿ ಕೈಯನ್ನು ಜಗ್ಗುವುದಿಲ್ಲ.

ಇಷ್ಟು ಮುಗಿದರೆ ದುಡಿಮೆ ಮುಗಿದು ಸುಖ ಶುರುವಾಗುತ್ತದೆ. ಹೊರಡುವಾಗ ಎಂಜಿನ್ನುಗಳನ್ನು ಬೋಟಿನತ್ತ ಒಳಕ್ಕೆ ಒತ್ತಿಟ್ಟರೆ ಮೂತಿ ತಗ್ಗುತ್ತದೆ, ದಿಬ್ಬ ಬೇಗ ದಾಟುತ್ತದೆ. ದಾಟಿದ ಮೇಲೆ ಗುಂಡಿ ಒತ್ತಿ ಕೂದಲೆಳೆಯಷ್ಟು ಹೊರಕ್ಕೆ ತರಬೇಕು. ಎಕ್ಸಲರೇಟರ್ ಮುಟ್ಟದಿದ್ದರೂ ಓಟ ಅರ್ಧ ನಾಟ್ ಏರುತ್ತದೆ. ಇನ್ನೊಂದು ಎಳೆ, ಇನ್ನಷ್ಟು. ಕಾಲಡಿಯ ಧಡಧಡ ನಿಂತು ರೇಷ್ಮೆ ಹರಿದಂಥ ಸದ್ದು ಬರುತ್ತದೆ. ಆಸೆಪಟ್ಟು ಮತ್ತೊಂದು ಎಳೆ ಹೊರಗೆ ತಂದಿರೋ, ಮೂತಿ ಹುಂಜದ ತಲೆಯಂತೆ ಮೇಲೆ ಕೆಳಗೆ ಕುಣಿಯತೊಡಗುತ್ತದೆ. ಆಗ ನಾಚಿಕೆಪಡದೆ ಒಂದೆಳೆ ವಾಪಸ್ಸು. ಹದವೆಂದರೆ ಅಷ್ಟೇ, ಕುಣಿತಕ್ಕೆ ಒಂದೆಳೆ ಹಿಂದೆ.

ಉಳಿದ ವಾಲನ್ನು ಹಿಂಬದಿಯ ಅಂಚಿನ ಎರಡು ಲೋಹದ ರೆಕ್ಕೆಗಳು ನೋಡಿಕೊಳ್ಳುತ್ತವೆ. ಎಡಕ್ಕೆ ವಾಲಿದರೆ ಎಡರೆಕ್ಕೆ ಇಳಿಸಬೇಕು. ನೀರು ಅದನ್ನು ಒತ್ತಿ ಎಡಬದಿಯನ್ನು ಎತ್ತುತ್ತದೆ. ಆದರೆ ರೆಕ್ಕೆ ಇಳಿಸಿದಷ್ಟೂ ನೀರಿನ ತಡೆ ಹೆಚ್ಚು. ಹಾಗಾಗಿ ನನ್ನ ಮೊದಲ ಔಷಧ ಬಾಯಿಮಾತು: “ಅರ್ಧ ಗೇಣು ಬಲಕ್ಕೆ ಸರಿ ಮಾರಾಯಾ!” ಎಂಬತ್ತೈದು ಕಿಲೋ ಭಾವಮೈದುನ ಗೊಣಗುತ್ತಲೇ ಸರಿಯುತ್ತಾನೆ: “ನೀವು ನನ್ನ ಮನುಷ್ಯ ಅಂತ ನೋಡೋದೇ ಬಿಟ್ರಿ ಭಾವ.”

ತಮಾಷೆ ಮಾಡುತ್ತೇನೆ, ಆದರೆ ಈ ನೀರಿನಲ್ಲಿ ತೂಕದ ಮಾತು ತಮಾಷೆಯಲ್ಲ. 2019ರ ಜನವರಿ 21ರಂದು ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ಬೋಟೊಂದು ಇಲ್ಲೇ ಮಗುಚಿತು. ಹತ್ತಕ್ಕೂ ಹೆಚ್ಚು ಜೀವ ಹೋಯಿತು, ಮಕ್ಕಳೂ ಸೇರಿ. ಆ ನಡುಗಡ್ಡೆ ಕಂಡಾಗಲೆಲ್ಲ ನಾನು ಬೋಟಿನಲ್ಲಿರುವವರನ್ನು ಇನ್ನೊಮ್ಮೆ ಎಣಿಸುತ್ತೇನೆ.

ಕೊನೆಯದು ಕಿವಿಯ ಕೆಲಸ. ಎರಡು ಎಂಜಿನ್ನುಗಳ ಸುತ್ತು ತುಸು ಹೆಚ್ಚುಕಡಿಮೆಯಾದರೂ ಸದ್ದು ‘ವೂಂ… ವೂಂ…’ ಎಂದು ಉಬ್ಬಿ ತಗ್ಗುತ್ತದೆ. ಒಂದು ಲಿವರನ್ನು ಉಗುರಿನಿಂದ ತಳ್ಳುತ್ತ ಹೋದರೆ ಆ ಉಬ್ಬರ ಉದ್ದವಾಗುತ್ತ, ಉಸಿರಿನಷ್ಟು, ಆಮೇಲೆ ಆಕಳಿಕೆಯಷ್ಟು ದೀರ್ಘವಾಗಿ, ಒಂದು ಗಳಿಗೆಯಲ್ಲಿ ಮಾಯ. ಎರಡು ತಂಬೂರಿ ಶ್ರುತಿ ಕೂಡಿದ ಹಾಗೆ. ಕಾರ್ಖಾನೆಯ ಗದ್ದಲದಲ್ಲಿ ಸವೆದ ನನ್ನ ಕಿವಿಗೆ ಫೋನಿನ ಮಾತು ಸರಿಯಾಗಿ ಕೇಳುವುದಿಲ್ಲ, ಇದು ಕೇಳುತ್ತದೆ.

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಅದೇ ದಾರಿಯನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಅಳೆದು ಸರಾಸರಿ ತೆಗೆದೆ. ಇಲ್ಲದಿದ್ದರೆ ನದಿ ಮಾಡಿದ ಸಹಾಯವನ್ನು ನಮ್ಮ ಜಾಣತನವೆಂದು ಬರೆದುಕೊಳ್ಳುತ್ತೇವೆ. ಮೊದಲು ಲೀಟರಿಗೆ 650 ಮೀಟರ್, ಈಗ 850. ಮನೆಯಾಕೆಗೆ ಫೋನು ಮಾಡಿ ಹೇಳಿದೆ. “ಹದಿನೈದು ದಿನ ಕಾರವಾರದಲ್ಲಿ ಕೂತು ಇನ್ನೂರು ಮೀಟರಾ?” ಎಂದಳು. ನನಗೂ ಉತ್ತರ ಹೊಳೆಯಲಿಲ್ಲ.

ಹೊರಡುವ ಹಿಂದಿನ ಸಂಜೆ ಸದಾಶಿವಗಡದಿಂದ ಮೇಲಕ್ಕೆ ನದಿಯಲ್ಲಿ ಹೋಗಿ, ಇಳಿತ ಶುರುವಾದಾಗ ಎರಡೂ ಎಂಜಿನ್ ಆರಿಸಿದೆವು. 1880ರ ದಶಕದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ತರುಣ ರವೀಂದ್ರನಾಥ ಟಾಗೋರರೂ ಬೆಳದಿಂಗಳಲ್ಲಿ ಹೀಗೇ ದೋಣಿಯಲ್ಲಿ ಮೇಲೆ ಹೋಗಿ, ಇಳಿತದ ನೀರಿನ ಜೊತೆ ಮರಳಿದ್ದರು. ಕಡಲು ಹತ್ತಿರವಾಗುತ್ತ ಉಪ್ಪು ಹೆಚ್ಚುತ್ತದೆ. ಸಾವಿರ ಲೀಟರ್ ಸಿಹಿನೀರು ಸಾವಿರ ಕಿಲೋ ಆದರೆ ಕಡಲನೀರು 1025. ಹಾಗಾಗಿ ಯಾರೂ ಏನೂ ಮಾಡದೆಯೇ ಬೋಟು ಅರ್ಧ ಸೆಂಟಿಮೀಟರ್ ಮೇಲೇಳುತ್ತ ಬರುತ್ತದೆ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದ ಜಾಗವನ್ನು ಜೋಪಾನವಾಗಿ ದಾಟಿದೆವು.

ನಾನು ಚಹಾದ ಫ್ಲಾಸ್ಕ್ ತರಲೆಂದು ಎದ್ದು ಎಡಬದಿಗೆ ಹೋದೆ. ಬೋಟು ಅತ್ತ ಬಾಗಬೇಕಿತ್ತು, ಬಾಗಲಿಲ್ಲ. ತಿರುಗಿ ನೋಡಿದರೆ ಭಾವಮೈದುನ ದಡ ನೋಡುತ್ತ, ಬೀಡಿಯನ್ನೂ ಕೆಳಗಿಡದೆ, ಅರ್ಧ ಗೇಣು ಬಲಕ್ಕೆ ಸರಿದು ಕೂತಿದ್ದ.