ವಾಲ್ಡನ್ ಕೊಳ ಮತ್ತು ತುಂಗಭದ್ರೆ

ಓದು ಯಾವ ದೇಶದ್ದೇ ಆಗಿರಲಿ, ಆತ್ಮಪರೀಕ್ಷೆಗೆ ಹಚ್ಚಿದರೆ ಅದು ಸ್ವಾಧ್ಯಾಯವೇ. ಕುಮಾರಪಟ್ಟಣದ ಶ್ರಾವಕ ಕುಟುಂಬವೊಂದರ ಮಗಳಿಗೆ ಇದರ ಅನುಭವವಾದದ್ದು 1987ರಲ್ಲಿ, ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ. ಆಕೆ ಅಮೆರಿಕನ್ ಸಾಹಿತ್ಯವನ್ನು ಆಯ್ದುಕೊಂಡಾಗ ಬಂಧುಗಳು, “ಮಾಂಸಾಹಾರಿಗಳ ದೇಶದ ಕಥೆಗಳಿಂದ ನಮಗೇನು?” ಎಂದು ಹಳಿದಿದ್ದರು.

ಆ ವರ್ಷ ಆಕೆ ಥೋರೋನನ್ನು ಓದಿದಳು. 1845ರ ಜುಲೈ 4ರಂದು ವಾಲ್ಡನ್ ಕೊಳದ ಬಳಿಯ ಸ್ವಂತ ಕೈಯಿಂದ ಕಟ್ಟಿದ ಗುಡಿಸಲು ಸೇರಿ, ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿ ಬಾಳಿದವನು ಆತ. ಗುಡಿಸಲಿಗೆ ತಗಲಿದ 28 ಡಾಲರ್ 12½ ಸೆಂಟ್‌ಗಳ ಪಟ್ಟಿಯನ್ನೂ ಗ್ರಂಥದಲ್ಲಿ ಕೊಟ್ಟಿದ್ದಾನೆ. ಅದನ್ನು ಕಂಡಾಗ ಆಕೆಗೆ ತಂದೆಯ ಲೆಕ್ಕದ ಪುಸ್ತಕ ನೆನಪಾಯಿತು. ಅದರ ಮೊದಲ ಪುಟದಲ್ಲಿ ಅವರು ಪರಿಗ್ರಹ ಪರಿಮಾಣ ವ್ರತದ ಮಿತಿಗಳನ್ನು ಬರೆದಿದ್ದರು: ಇಷ್ಟು ಧಾನ್ಯ, ಇಷ್ಟು ವಸ್ತ್ರ, ಇಷ್ಟು ಬಂಗಾರ. ಥೋರೋ ಮೀನು ಹಿಡಿಯುತ್ತಿದ್ದುದು ಆಕೆಯ ಮನಸ್ಸಿಗೆ ಒಗ್ಗಲಿಲ್ಲ. ಆದರೆ ಆ ಕೃತ್ಯ ಅವನನ್ನೂ ಕಾಡಿತ್ತೆಂದು ಮುಂದೆ ತಿಳಿಯಿತು.

ತಂದೆಯ ದುಡಿಮೆ ಊರಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ. ಅಲ್ಲಿ ನೀಲಗಿರಿ ಮರದಿಂದ ರೇಯಾನಿಗೆ ಬೇಕಾದ ತಿರುಳು ತಯಾರಾಗುತ್ತಿತ್ತು. ಅದರ ತ್ಯಾಜ್ಯದಿಂದ ತುಂಗಭದ್ರೆಯ ಮೀನುಗಳು ಸಾಯುತ್ತಿವೆಯೆಂದು ದಡದ ಹಳ್ಳಿಗರು ದೂರುತ್ತಿದ್ದ ಕಾಲವದು. ಸರ್ಕಾರ ಮತ್ತು ಆ ಕಾರ್ಖಾನೆ ಕೂಡಿ ಸ್ಥಾಪಿಸಿದ ಕಂಪನಿಯು ಹಳ್ಳಿಗಳ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುತ್ತಿತ್ತು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು ಆ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟು ಸತ್ಯಾಗ್ರಹ ಮಾಡಿದರು.

ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡಲೊಪ್ಪದೆ ಥೋರೋ 1846ರಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿದ್ದ. ಆ ಕುರಿತು 1849ರಲ್ಲಿ ಪ್ರಕಟವಾದ ಅವನ ಪ್ರಬಂಧವನ್ನು ಗಾಂಧೀಜಿ ಮೆಚ್ಚಿದ್ದರು. ಅದನ್ನೋದಿ ರಜೆಗೆ ಬಂದ ಮಗಳು ಕೇಳಿದಳು: “ಅಪ್ಪಾ, ಈ ಹಿಂಸಾದಾಗ ನಮ್ಮ ಪಾಲಿಲ್ಲೇನು?”

ತಂದೆ ಬಹಳ ಹೊತ್ತು ಸುಮ್ಮನಿದ್ದರು. “ಐತಿ, ತಂಗಿ. ನಿನ್ನ ಪುಸ್ತಕಾನೂ ಇದೇ ಪಗಾರದಾಗ ಬಂದಾವ.”

ಆಕೆಗೆ ಉತ್ತರ ಹೊಳೆಯಲಿಲ್ಲ. ಧಾರವಾಡಕ್ಕೆ ಮರಳಿ ಪ್ರಬಂಧವನ್ನು ಮತ್ತೆ ತೆರೆದಾಗ, ಮೊದಲು ಲಕ್ಷಿಸದೆ ಬಿಟ್ಟಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು: ಬೇರೊಬ್ಬರು ತೆರಿಗೆ ಕಟ್ಟಿದ್ದರಿಂದಲೇ ಥೋರೋನ ಬಿಡುಗಡೆಯಾಗಿತ್ತು. ಅವನ ನಿಷ್ಠೆಯ ಬೆಲೆಯನ್ನೂ ಇನ್ನೊಬ್ಬರು ತೆತ್ತಿದ್ದರು.

ಗೃಹಸ್ಥನಿಗೆ ಸಂಕಲ್ಪಿ ಹಿಂಸೆ ಸರ್ವಥಾ ತ್ಯಾಜ್ಯ. ಉದ್ಯೋಗಿ ಹಿಂಸೆ ಪೂರ್ಣ ತಪ್ಪದು. ಹಾಗೆಂದು ಅದು ಹಿಂಸೆಯಲ್ಲವೆಂದಲ್ಲ. ಅದನ್ನು ಕುಗ್ಗಿಸುತ್ತ ಹೋಗುವುದೇ ಅಣುವ್ರತ. ಮಗಳಿಗೆ ಉಪನ್ಯಾಸಕ ವೃತ್ತಿ ದೊರೆತ ವರ್ಷ ತಂದೆ ನಿವೃತ್ತಿಗೆ ಕಾಯದೆ ಕೆಲಸ ಬಿಟ್ಟರು. ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬಂಗಾರದ ಮಿತಿಯನ್ನು ಅರ್ಧಕ್ಕಿಳಿಸಿ ಬರೆದರು. ಯಾರಿಗೂ ಕಾರಣ ಹೇಳಲಿಲ್ಲ. ಅದರ ಕೆಳಗೆ ಮಗಳು ತನ್ನ ಮಿತಿಗಳನ್ನೂ ಬರೆದಳು.